ಗ್ರಾಫಿಕ್ಸ್ ಕಾರ್ಡ್ ಬದಲಿಸುವ ಮೊದಲು ಲಾಗ್ ಓದಿ

ಎಲ್ಲರಿಗೂ ನಮಸ್ಕಾರ.

ಆಟ ರಂಗೇರಿದ ಹೊತ್ತಿಗೆ ಸ್ಕ್ರೀನ್ ಕಪ್ಪಾಗಿ, ಹೆಡ್‌ಫೋನಿನಲ್ಲಿ ಗುಂಡಿನ ಸದ್ದು ಮಾತ್ರ ಉಳಿಯುವುದನ್ನು ಇಲ್ಲಿ ಕೂತವರೆಲ್ಲ ಅನುಭವಿಸಿದ್ದೀರಿ. ಹಾಗಾಗಿ ಪೀಠಿಕೆ ಬೇಡ. ಇವತ್ತು ನಾನು ಬಂದಿರುವುದೇ ಒಂದು ಮಾತು ಹೇಳಲು. ಗ್ರಾಫಿಕ್ಸ್ ಕಾರ್ಡ್ ಸತ್ತಿದೆ ಅಂತ ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಬೀದಿ ಎಸ್.ಪಿ. ರೋಡಿಗೆ ಹೊರಡುವ ಮೊದಲು ಲಾಗ್ ಓದಿ, ಅಂದರೆ ಏನೇನಾಯಿತು ಅಂತ ವಿಂಡೋಸ್ ತಾನೇ ಬರೆದಿಡುವ ದಾಖಲೆ. ಏನೂ ಆಗದ ಕಾರ್ಡನ್ನು ಅರ್ಧ ಬೆಲೆಗೆ ಮಾರಿ, ಹೊಸದು ತಂದು, ಅದೂ ಕ್ರ್ಯಾಶ್ ಆದಾಗ ತಲೆ ಮೇಲೆ ಕೈ ಹೊತ್ತು ಕೂರುವವರನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ.

ವಿಸ್ಟಾ ಕಾಲದಿಂದ ವಿಂಡೋಸಿನಲ್ಲಿ ಟಿಡಿಆರ್ ಅಂತ ಒಂದು ಕಾವಲು ಇದೆ. ಕೆಲಸ ಕೊಟ್ಟ ಮೇಲೆ ಕಾರ್ಡಿನಿಂದ 2 ಸೆಕೆಂಡಿನೊಳಗೆ ಉತ್ತರ ಬರಲಿಲ್ಲ ಅಂದರೆ ಡ್ರೈವರನ್ನು, ಅಂದರೆ ಕಾರ್ಡನ್ನು ನಡೆಸುವ ತಂತ್ರಾಂಶವನ್ನು, ನಿಲ್ಲಿಸಿ ಮತ್ತೆ ಶುರು ಮಾಡುತ್ತದೆ. ಲಾಗ್ ತೋರಿಸಲು ವಿಂಡೋಸಿನಲ್ಲೇ ಇರುವ ಈವೆಂಟ್ ವ್ಯೂವರಿನ ಸಿಸ್ಟಂ ಲಾಗಿನಲ್ಲಿ 4101 ಅನ್ನುವ ಸಂಖ್ಯೆಯ ಸಾಲು ಬೀಳುತ್ತದೆ. ಆ ಸಾಲಿನಲ್ಲಿ ಡ್ರೈವರಿನ ಹೆಸರಿದೆ, ನಿಜ. ಆದರೆ ಅದರ ಅರ್ಥ ಕಾರ್ಡ್ ಉತ್ತರ ಕೊಡಲಿಲ್ಲ ಅಂತ ಮಾತ್ರ. ಯಾಕೆ ಕೊಡಲಿಲ್ಲ ಅನ್ನುವುದು ಅಲ್ಲಿಲ್ಲ. ಮನೆಯಲ್ಲಿ ಫ್ಯೂಸ್ ಹಾರಿದಾಗ ಫ್ಯೂಸನ್ನೇ ಬೈಯುತ್ತಾ ಕೂತರೆ ಆಗುತ್ತಾ?

ರಾಜಾಜಿನಗರದ ಒಬ್ಬ ಹುಡುಗನ ಕಥೆ ಹೇಳುತ್ತೇನೆ. ಸ್ವಲ್ಪ ಉದ್ದ, ಸಹಿಸಿಕೊಳ್ಳಿ. ಎಂಜಿನಿಯರಿಂಗ್ ಓದುತ್ತಿದ್ದಾನೆ. ಅಪ್ಪ ದುಡ್ಡು ಕೂಡಿಟ್ಟು ಮಷೀನ್ ಕೊಡಿಸಿದ್ದರು. ದೊಡ್ಡ ಆಟ ಹಾಕಿದರೆ ಹತ್ತು ನಿಮಿಷಕ್ಕೆ ಕಪ್ಪು ಸ್ಕ್ರೀನ್. ಅಂಗಡಿಯವರು ನೋಡಿ, ಕಾರ್ಡ್ ಹೋಗಿದೆ, ಹೊಸದು ಹಾಕಿಸಿ ಅಂದರಂತೆ. ಅಪ್ಪ ಸಾಲಕ್ಕೆ ಕೈ ಹಾಕುವ ಹಂತದಲ್ಲಿದ್ದರು. ನಾನು ಹೋದಾಗ ಮೊದಲು ಕೇಳಿದ್ದು, ಸಣ್ಣ ಆಟದಲ್ಲೂ ಹೀಗೆ ಆಗುತ್ತಾ ಅಂತ. ಇಲ್ಲ ಅಂದ. ಸರಿ, ಅದೇ ದೊಡ್ಡ ಆಟದಲ್ಲಿ ಫ್ರೇಮ್ ರೇಟನ್ನು, ಅಂದರೆ ಕಾರ್ಡ್ ಸೆಕೆಂಡಿಗೆ ಬಿಡಿಸುವ ಚಿತ್ರಗಳನ್ನು, 60ಕ್ಕೆ ಕಟ್ಟಿಹಾಕು ಅಂದೆ. ಅಷ್ಟರಲ್ಲಿ ಅವರಮ್ಮ ಬಿಸಿ ಬಿಸಿ ಅವಲಕ್ಕಿ ಒಗ್ಗರಣೆ ತಂದರು. ತಟ್ಟೆ ಖಾಲಿಯಾಯಿತು, ಎರಡನೇ ಸಲ ಬಡಿಸಿದರು, ಅದೂ ಖಾಲಿಯಾಯಿತು. ಆಟ ನಿಲ್ಲಲಿಲ್ಲ. ಭಾರ ಇಳಿಸಿದರೆ ಸರಿ ಇರುತ್ತದೆ, ಅಲ್ವಾ? ಹಾಗಾದರೆ ಕರೆಂಟು ನೋಡಬೇಕು ಅಂತ ಕ್ಯಾಬಿನೆಟ್ ಬಿಚ್ಚಿದೆ.

ಕಾರ್ಡಿಗೆ ಕರೆಂಟು ಕೊಡಲು ಎರಡು 8 ಪಿನ್ ಸಾಕೆಟ್. ಎರಡಕ್ಕೂ ಒಂದೇ ಕೇಬಲ್! ತುದಿಯಲ್ಲಿ ಕವಲೊಡೆಯುತ್ತದಲ್ಲ, ಅದು. ಒಂದೊಂದು 8 ಪಿನ್ ಸಾಕೆಟಿನ ಲೆಕ್ಕ 150 ವಾಟ್, ಎರಡರ ಭಾರವೂ ಆ ಒಂದೇ ಕೇಬಲಿನ ಮೇಲೆ. ಕಾರ್ಡ್ ಕೂರುವ ಮದರ್‌ಬೋರ್ಡ್ ಸ್ಲಾಟಿನಿಂದ ಬರುವುದು ಇನ್ನು 75. ಅದರ ಮೇಲೆ, ಈಗಿನ ಕಾರ್ಡುಗಳು ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ತಮ್ಮ ಲೆಕ್ಕಕ್ಕಿಂತ ಎಷ್ಟೋ ಜಾಸ್ತಿ ಎಳೆಯುತ್ತವೆ. ಪವರ್ ಸಪ್ಲೈ ಜೊತೆ ಬಂದ ಎರಡನೇ ಕೇಬಲ್ ಎಲ್ಲಿ ಅಂತ ಕೇಳಿದೆ. ಅಟ್ಟದ ಮೇಲಿನ ಡಬ್ಬದಲ್ಲಿತ್ತು, ಕಟ್ಟಿದ ಟ್ಯಾಗ್ ಕೂಡ ಬಿಚ್ಚಿರಲಿಲ್ಲ. ಅದನ್ನು ಹಾಕಿದ ಮೇಲೆ ಆ ಹುಡುಗ ಫ್ರೇಮ್ ರೇಟ್ ಬಿಚ್ಚಿಬಿಟ್ಟು ಆಡುತ್ತಿದ್ದಾನೆ. ಹೊಸ ಕಾರ್ಡೂ ಇಲ್ಲ, ಸಾಲವೂ ಇಲ್ಲ.

ಹಾಗಾಗಿ ಲಾಗ್ ಓದಿ ಅನ್ನುತ್ತೇನೆ. 4101 ಇಲ್ಲದೆ ಮಷೀನ್ ಪಟ್ ಅಂತ ಆರಿ, ಬರೀ ಕರ್ನಲ್-ಪವರ್ 41, ಅಂದರೆ ಸರಿಯಾಗಿ ಶಟ್‌ಡೌನ್ ಆಗದೆ ಮಷೀನ್ ಆರಿತು ಅನ್ನುವ ಸಾಲು, ಕಾಣಿಸಿದರೆ ಮೊದಲು ಪವರ್ ಸಪ್ಲೈ, ಯುಪಿಎಸ್, ಗೋಡೆಯ ಸಾಕೆಟ್ ನೋಡಿ. ಬೇಸಿಗೆಯಲ್ಲಿ ಕರೆಂಟು ಹೋಗಿ ಬಂದು ಮಾಡುವ ಈ ಊರಿನಲ್ಲಿ ಅದನ್ನು ಮರೆಯಬಾರದು. ವಿಂಡೋಸ್ ಕುಸಿದಾಗ ಬರುವ ದೋಷದ ಸ್ಕ್ರೀನಿನಲ್ಲಿ 116 ಅನ್ನುವ ಸಂಖ್ಯೆ ಬಂದರೆ, ಡ್ರೈವರನ್ನು ಎಬ್ಬಿಸಲು ಹೋಗಿ ವಿಂಡೋಸ್ ಸೋತಿದೆ ಅಂತ. ವಿಂಡೋಸಿನ ಒಳ ಸೆಟ್ಟಿಂಗುಗಳಿರುವ ರಿಜಿಸ್ಟ್ರಿಗೆ ಹೋಗಿ ಟಿಡಿಆರಿನ ಆ 2 ಸೆಕೆಂಡನ್ನು 10 ಮಾಡುವವರಿದ್ದಾರೆ. ಅದರಿಂದ ಕಾಯಿಲೆ ವಾಸಿಯಾಗುವುದಿಲ್ಲ, ಕಪ್ಪು ಸ್ಕ್ರೀನ್ ನೋಡುತ್ತಾ ಇನ್ನಷ್ಟು ಹೊತ್ತು ಕೂರುತ್ತೀರಿ ಅಷ್ಟೇ.

ಡ್ರೈವರೇ ಕೆಟ್ಟಿರಲೂಬಹುದು, ಇಲ್ಲ ಅನ್ನುವುದಿಲ್ಲ. ಅಪ್‌ಡೇಟ್ ಆದ ಮರುದಿನದಿಂದ ಶುರುವಾಗಿದ್ದರೆ ಅದರ ಮೇಲೇ ಅನುಮಾನ ಪಡಿ. ಹೊಸ ಡ್ರೈವರನ್ನು ಮೊದಲೇ ಇಳಿಸಿಟ್ಟುಕೊಳ್ಳಿ. ಇಂಟರ್‌ನೆಟ್ ಕಿತ್ತು, ವಿಂಡೋಸನ್ನು ಅತ್ಯಗತ್ಯ ಭಾಗಗಳಷ್ಟರಲ್ಲೇ ನಡೆಸುವ ಸೇಫ್ ಮೋಡಿನಲ್ಲಿ, ಡಿಡಿಯು ಅನ್ನುವ ಡ್ರೈವರ್ ತೆಗೆಯುವ ಪ್ರೋಗ್ರಾಮ್ ಓಡಿಸಿ ಹಳೆಯದನ್ನು ಪೂರ್ತಿ ತೆಗೆದು, ಆಮೇಲೆ ಹಾಕಿ. ನೆಟ್ ಕೀಳದಿದ್ದರೆ ನಡುವೆ ವಿಂಡೋಸ್ ತನಗಿಷ್ಟ ಬಂದ ಡ್ರೈವರ್ ತಂದು ಹಾಕಿಬಿಡುತ್ತದೆ. ಹೊಸದು ಸರಿ ಬರದಿದ್ದರೆ ಹಿಂದಿನ ಆವೃತ್ತಿಗೆ ಹೋಗಿ, ಅದರಲ್ಲಿ ಅವಮಾನ ಏನಿಲ್ಲ.

ಚೀಟಿ ಬಂತು, ಐದು ನಿಮಿಷ ಅಂತೆ. ಬೇಗ ಹೇಳುತ್ತೇನೆ. ಕಾರ್ಡಿನ ವೇಗವನ್ನು ಮಾಮೂಲಿಗಿಂತ ಹೆಚ್ಚಿಸುವ ಓವರ್‌ಕ್ಲಾಕ್ ತೆಗೆಯಿರಿ, ಕಾರ್ಖಾನೆಯಿಂದ ಬಂದದ್ದನ್ನೂ ಸ್ವಲ್ಪ ಇಳಿಸಿ ನೋಡಿ. ರ‍್ಯಾಮಿನ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಸೆಟ್ಟಿಂಗನ್ನು ಆಫ್ ಮಾಡಿ ನೋಡಿ. ಎರಡನ್ನೂ ಒಟ್ಟಿಗೆ ಮಾಡಬೇಡಿ, ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ. ಕಾರ್ಡನ್ನು ಸ್ಲಾಟಿಗೆ ಜೋಡಿಸುವ ರೈಸರ್ ಕೇಬಲ್ ಇದ್ದರೆ, ಮದರ್‌ಬೋರ್ಡಿನ ಮೂಲ ಸೆಟ್ಟಿಂಗುಗಳಿರುವ ಬಯಾಸಿನಲ್ಲಿ ಸ್ಲಾಟಿನ ವೇಗವನ್ನು ಜೆನ್ 3ಕ್ಕೆ ಇಳಿಸಿ ನೋಡಿ. ಧೂಳು ಹೊಡೆಯಿರಿ, ಪಕ್ಕದಲ್ಲಿ ಮನೆ ಕಟ್ಟುತ್ತಿದ್ದರಂತೂ ತಿಂಗಳಿಗೊಮ್ಮೆ.

ಇಂಟೆಲ್ 13 ಮತ್ತು 14ನೇ ತಲೆಮಾರಿನ ದೊಡ್ಡ ಪ್ರೊಸೆಸರ್ ಇದ್ದವರು ಕೇಳಿ. ಅವುಗಳಲ್ಲಿ ಕೆಲವು, ಅನ್‌ರಿಯಲ್ ಎಂಜಿನ್ ಆಟಗಳಲ್ಲಿ ವೀಡಿಯೊ ಮೆಮೊರಿ ಸಾಲದು ಅಂತ ತೋರಿಸುತ್ತಿದ್ದವು. ಜನ ಕಾರ್ಡನ್ನು ಬೈದರು. ತಪ್ಪು ಪ್ರೊಸೆಸರಿಗೆ ಹೋಗುತ್ತಿದ್ದ ಅತಿ ವೋಲ್ಟೇಜಿನದು. 2024ರ ಆಗಸ್ಟಿನಲ್ಲಿ ಅದಕ್ಕೆ ಮೈಕ್ರೋಕೋಡ್, ಅಂದರೆ ಬಯಾಸ್ ಅಪ್‌ಡೇಟಿನ ಜೊತೆ ಬರುವ ಪ್ರೊಸೆಸರಿನ ತಿದ್ದುಪಡಿ, ಬಂತು, ವಾರಂಟಿಯನ್ನೂ ಇಂಟೆಲ್ 2 ವರ್ಷ ಹೆಚ್ಚಿಸಿತು. ಬಯಾಸ್ ಅಪ್‌ಡೇಟ್ ಮಾಡದೆ ಕಾರ್ಡಿನ ತಂಟೆಗೆ ಹೋಗಬೇಡಿ.

ಇಷ್ಟೆಲ್ಲ ಆದರೂ ನಿಲ್ಲದಿದ್ದರೆ ಕಾರ್ಡನ್ನು ಗೆಳೆಯರ ಮಷೀನಿಗೆ ಹಾಕಿ, ಅದೇ ಆಟ ಓಡಿಸಿ. ಅಲ್ಲೂ ಬಿದ್ದರೆ ಕಾರ್ಡೇ ಕೆಟ್ಟಿದೆ. ಆಗ ಬಿಲ್ಲು ಹಿಡಿದು, ಲಾಗ್ ಪ್ರಿಂಟ್ ತೆಗೆದು ವಾರಂಟಿಗೆ ಹೋಗಿ. ಸೀರಿಯಲ್ ನಂಬರಿನ ಸ್ಟಿಕ್ಕರ್ ಮಾತ್ರ ಕೀಳಬೇಡಿ. ಲಾಗ್ ಫೋಟೊ ತಂದವರು ಮುಂದೆ ಬನ್ನಿ, ನೋಡೋಣ.