34ನೇ ನಂಬರಿನ ಜೆರ್ಸಿ: ಕೌಬಾಯ್ಸ್ ತಂಡದ ದೆಸೆ ತಿರುಗಿಸಿದ ಆ ಗುರುವಾರ

ನಮಸ್ಕಾರ. ಈಗ ಪರದೆಯ ಮೇಲೆ ಕಾಣುತ್ತಿರುವುದು ಟೆಕ್ಸಸ್ ರಾಜ್ಯದ ಅರ್ವಿಂಗ್ ಊರಿನಲ್ಲಿರುವ ವ್ಯಾಲಿ ರಾಂಚ್ ಬಡಾವಣೆಯ ಕಾಲುದಾರಿ. ಬೆಳಗ್ಗೆ ಇಲ್ಲಿ ವಾಕಿಂಗ್ ಬರುವವರಲ್ಲಿ ನಮ್ಮ ಕಡೆಯವರು ಎಷ್ಟಿದ್ದಾರೆಂದರೆ, ಒಂದು ಸುತ್ತು ಮುಗಿಸುವಷ್ಟರಲ್ಲಿ ಎರಡು ಬಾರಿಯಾದರೂ ಕನ್ನಡ ಕಿವಿಗೆ ಬೀಳುತ್ತದೆ. ಇದೇ ಬಡಾವಣೆಯ ಒಂದು ರಸ್ತೆಗೆ ಕೌಬಾಯ್ಸ್ ಪಾರ್ಕ್‌ವೇ ಎಂಬ ಹೆಸರಿದೆ. ಅಮೆರಿಕನ್ ಫುಟ್‌ಬಾಲಿನ ಡಲ್ಲಾಸ್ ಕೌಬಾಯ್ಸ್ ತಂಡದ ಕಚೇರಿಯೂ ಅಭ್ಯಾಸದ ಮೈದಾನವೂ 2016ರಲ್ಲಿ ಫ್ರಿಸ್ಕೊಗೆ ಹೋಗುವವರೆಗೆ ಇಲ್ಲಿಯೇ ಇದ್ದವು. ತಂಡ ಹೋಯಿತು, ರಸ್ತೆಯ ಹೆಸರು ಉಳಿಯಿತು. ಜೊತೆಗೆ, ತಂಡ ಸೋತು ಸುಣ್ಣವಾಗಿದ್ದ 1989ರ ಒಂದು ವಾರದ ನೆನಪನ್ನು ಇಂದಿಗೂ ಕಾಪಾಡಿಕೊಂಡಿರುವ ಕೆಲವು ಹಳೆಯ ಅಭಿಮಾನಿಗಳೂ ಉಳಿದಿದ್ದಾರೆ.

ಅವರಲ್ಲೊಬ್ಬರು ನಮ್ಮ ಪಕ್ಕದ ಮನೆಯ ಹಿರಿಯರು. ಹೋದ ಶನಿವಾರ ಅವರು ತಮ್ಮ ಗ್ಯಾರೇಜಿನ ಅಟ್ಟದಿಂದ ರಟ್ಟಿನ ಪೆಟ್ಟಿಗೆಯೊಂದನ್ನು ಇಳಿಸಿ, ಅದರ ತಳದಿಂದ ನೀಲಿ ಜೆರ್ಸಿಯೊಂದನ್ನು ತೆಗೆದು ನನ್ನ ಮುಂದೆ ಬಿಡಿಸಿದರು. ಬೆನ್ನಿನ ಮೇಲೆ 34 ಎಂಬ ಬಿಳಿಯ ಅಂಕಿ. ಮೂರು ದಶಕಗಳಿಗೂ ಹೆಚ್ಚು ಕಾಲ ಮಡಚಿ ಇಟ್ಟದ್ದರಿಂದ ಮಡಿಕೆಯ ಗೆರೆ ಬಿದ್ದಲ್ಲೆಲ್ಲ ಅಂಕಿಯ ಮೇಲಿನ ರಬ್ಬರಿನ ಪದರ ಬಿರುಕು ಬಿಟ್ಟು, ಬೆರಳು ತಾಗಿದರೆ ಹುಡಿಯಾಗಿ ಉದುರುತ್ತಿತ್ತು. ಅದು ಹರ್ಶೆಲ್ ವಾಕರ್ ಅವರ ನಂಬರು. 1989ರ ಅಕ್ಟೋಬರ್ 12ರ ಗುರುವಾರ ಕೌಬಾಯ್ಸ್ ತಂಡ ವಾಕರ್ ಅವರನ್ನು ಮಿನೆಸೋಟ ವೈಕಿಂಗ್ಸ್ ತಂಡಕ್ಕೆ ಬಿಟ್ಟುಕೊಟ್ಟಿತು. ಆ ರಾತ್ರಿಯೇ ಜೆರ್ಸಿಯನ್ನು ಪೆಟ್ಟಿಗೆಗೆ ಸೇರಿಸಿದೆನೆಂದು ಹಿರಿಯರು ಹೇಳಿದರು.

ಆ ಹೊತ್ತಿಗೆ ಡಲ್ಲಾಸಿನ ಅಭಿಮಾನಿಗಳ ಮನಸ್ಸು ಮೊದಲೇ ನೊಂದಿತ್ತು. 29 ವರ್ಷ ತಂಡವನ್ನು ನಡೆಸಿದ್ದ ಕೋಚ್ ಟಾಮ್ ಲ್ಯಾಂಡ್ರಿ ಅವರನ್ನು ಹೊಸ ಮಾಲೀಕ ಜೆರ್ರಿ ಜೋನ್ಸ್ ಅದೇ ವರ್ಷದ ಫೆಬ್ರವರಿಯಲ್ಲಿ ತೆಗೆದುಹಾಕಿ, ಅರ್ಕಾನ್ಸಾ ವಿಶ್ವವಿದ್ಯಾಲಯದಲ್ಲಿ ತಮ್ಮೊಡನೆ ಆಡಿದ್ದ ಜಿಮ್ಮಿ ಜಾನ್ಸನ್ ಅವರನ್ನು ಕರೆತಂದಿದ್ದರು. ಜಾನ್ಸನ್ ಕಾಲೇಜು ಫುಟ್‌ಬಾಲಿನಲ್ಲಿ ಹೆಸರು ಮಾಡಿದವರೇ ಹೊರತು ವೃತ್ತಿಪರ ಲೀಗಿನಲ್ಲಿ ಒಂದು ದಿನವೂ ಕೋಚ್ ಆಗಿದ್ದವರಲ್ಲ. ಅವರ ಕೈಕೆಳಗೆ ತಂಡ ಮೊದಲ ಐದೂ ಪಂದ್ಯಗಳನ್ನು ಸೋತಿತ್ತು. ಹಿಂದಿನ ವರ್ಷ 1,514 ಗಜ ಓಡಿದ್ದ ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವ ಆಟಗಾರ) ವಾಕರ್ ಒಬ್ಬರೇ ಜನ ದುಡ್ಡು ಕೊಟ್ಟು ನೋಡಲು ಬರುತ್ತಿದ್ದ ಆಟಗಾರ. ಅಂಥವರನ್ನೇ ಮಾರಬೇಕೆಂಬ ಆಲೋಚನೆ ಜಾನ್ಸನ್ ತಮ್ಮ ಸಹಾಯಕರೊಡನೆ ಜಾಗಿಂಗ್ ಮಾಡುತ್ತಿದ್ದಾಗ ಹುಟ್ಟಿತೆಂಬುದು ಎಲ್ಲರೂ ಬಲ್ಲ ಕಥೆ. ಬೇರೆ ತಂಡಗಳು ಬೆಲೆ ಕೊಡುವಂಥ ಆಟಗಾರ ತಮ್ಮಲ್ಲಿ ಇರುವುದೇ ಒಬ್ಬರು, ಅವರಿದ್ದೂ ತಂಡ ಸೋಲುತ್ತಲೇ ಇದೆ ಎಂಬುದು ಅವರ ಲೆಕ್ಕವಾಗಿತ್ತು.

ಇಲ್ಲಿ ಡ್ರಾಫ್ಟ್ ಎಂಬ ಏರ್ಪಾಡನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಐಪಿಎಲ್ ಹರಾಜಿನಲ್ಲಿ ಹೆಚ್ಚು ಹಣ ಕೂಗಿದವರಿಗೆ ಆಟಗಾರ ಸಿಗುತ್ತಾನೆ. ಅಮೆರಿಕದ ಈ ಲೀಗಿನಲ್ಲಿ ಕಾಲೇಜಿನಿಂದ ಬರುವ ಹುಡುಗರನ್ನು ತಂಡಗಳು ಸರದಿಯ ಪ್ರಕಾರ ಆರಿಸಿಕೊಳ್ಳುತ್ತವೆ. ಹಿಂದಿನ ಋತುವಿನಲ್ಲಿ ತೀರಾ ಕೆಳಗಿದ್ದ ತಂಡಕ್ಕೆ ಮೊದಲ ಸರದಿ. ಈ ಸರದಿಗೆ ಪಿಕ್ ಎನ್ನುತ್ತಾರೆ. ಆಟಗಾರನನ್ನು ಹೇಗೋ ಹಾಗೆಯೇ ಇನ್ನೂ ಬಾರದ ವರ್ಷದ ಪಿಕ್ಕನ್ನೂ ಬೇರೆ ತಂಡಕ್ಕೆ ಕೊಡಬಹುದು, ಪಡೆಯಬಹುದು.

ಮರುದಿನದ ಪತ್ರಿಕೆಗಳಲ್ಲಿ ಜನ ಓದಿದ್ದು ವಾಕರ್‌ಗೆ ಬದಲಾಗಿ ಬಂದ ಐವರು ಆಟಗಾರರ ಹೆಸರುಗಳನ್ನು: ಜೆಸ್ಸಿ ಸಾಲೊಮನ್, ಡೇವಿಡ್ ಹವರ್ಡ್, ಐಸಾಕ್ ಹೋಲ್ಟ್, ಅಲೆಕ್ಸ್ ಸ್ಟುವರ್ಟ್, ಡ್ಯಾರಿನ್ ನೆಲ್ಸನ್. ಅವರಲ್ಲಿ ನೆಲ್ಸನ್ ಡಲ್ಲಾಸಿಗೆ ಬರುವುದೇ ಇಲ್ಲವೆಂದು ಸ್ಯಾನ್ ಡಿಯಾಗೊಗೆ ಹೋದರು. ಇಷ್ಟಕ್ಕಾಗಿ ವಾಕರ್‌ರನ್ನು ಕೊಟ್ಟುಬಿಟ್ಟರೇ ಎಂದು ಊರಿಗೆ ಊರೇ ಹೊಟ್ಟೆ ಉರಿದುಕೊಂಡಿತು. ಆದರೆ ಒಪ್ಪಂದದ ಜೀವ ಇದ್ದದ್ದು ಈ ಹೆಸರುಗಳಲ್ಲಿ ಅಲ್ಲ, ಅವುಗಳ ಜೊತೆಗಿದ್ದ ಷರತ್ತುಗಳಲ್ಲಿ. ಬಂದ ಆಟಗಾರರನ್ನು ಡಲ್ಲಾಸ್ ನಿಗದಿತ ದಿನದೊಳಗೆ ಕೈಬಿಟ್ಟರೆ, ಅವರ ಹೆಸರಿಗೆ ಗಂಟು ಹಾಕಿದ್ದ ಮುಂದಿನ ವರ್ಷಗಳ ಪಿಕ್‌ಗಳು ಡಲ್ಲಾಸಿಗೆ ಸೇರಬೇಕಿತ್ತು. ವೈಕಿಂಗ್ಸ್ ತಂಡದ ಜನರಲ್ ಮ್ಯಾನೇಜರ್ ಮೈಕ್ ಲಿನ್, ಒಳ್ಳೆಯ ಆಟಗಾರರನ್ನು ಯಾರೂ ಸುಮ್ಮನೆ ಬಿಡುವುದಿಲ್ಲವೆಂದು ನಂಬಿದ್ದರು. ಜಾನ್ಸನ್‌ಗೆ ಬೇಕಾಗಿದ್ದದ್ದು ಪಿಕ್‌ಗಳೇ. ಕೊನೆಗೆ ಲಿನ್ ಪಟ್ಟು ಸಡಿಲಿಸಬೇಕಾಯಿತು. 1990, 1991, 1992, ಈ ಮೂರೂ ವರ್ಷಗಳ ಮೊದಲ ಸುತ್ತಿನ ಮತ್ತು ಎರಡನೇ ಸುತ್ತಿನ ಪಿಕ್‌ಗಳು ಡಲ್ಲಾಸಿಗೆ ಬಂದವು. ಅದಲ್ಲದೆ ಸಾಲೊಮನ್, ಹವರ್ಡ್, ಹೋಲ್ಟ್ ಕೂಡ ಇಲ್ಲೇ ಉಳಿದರು.

ನನ್ನ ಕಚೇರಿಯಲ್ಲಿ ಮಿನೆಸೋಟದವರೊಬ್ಬರಿದ್ದಾರೆ. ಅದೇ ವಾರದ ಅವರ ನೆನಪು ಇನ್ನೊಂದು ಬಗೆಯದು. ಟ್ರೇಡ್, ಅಂದರೆ ಈ ಕೊಡುಕೊಳ್ಳುವಿಕೆ, ಆದ ಮೂರನೇ ದಿನ, ಅಕ್ಟೋಬರ್ 15ರ ಭಾನುವಾರ, ವಾಕರ್ ಗ್ರೀನ್ ಬೇ ತಂಡದ ವಿರುದ್ಧ ವೈಕಿಂಗ್ಸ್ ಪರವಾಗಿ ಮೊದಲ ಬಾರಿಗೆ ಕಣಕ್ಕಿಳಿದರು. ಚೆಂಡು ಹಿಡಿದು ಓಡುವಾಗ ಒಂದು ಕಾಲಿನ ಶೂ ಕಳಚಿ ಬಿತ್ತು. ಅವರು ನಿಲ್ಲದೆ, ಒಂದೇ ಶೂ ಕಾಲಿನಲ್ಲಿ, 47 ಗಜ ಓಡಿದರು. ಅಂದು ಒಟ್ಟು 148 ಗಜ ಓಡಿ ತಂಡವನ್ನು ಗೆಲ್ಲಿಸಿದರು. ಆಗ ಹತ್ತು ವರ್ಷದವರಾಗಿದ್ದ ನನ್ನ ಸಹೋದ್ಯೋಗಿ, ಸದಾ ಕುಳಿತೇ ಪಂದ್ಯ ನೋಡುತ್ತಿದ್ದ ತಮ್ಮ ತಂದೆ ಆ ಶೂ ಕಳಚಿದ ಗಳಿಗೆಯಲ್ಲಿ ಸೋಫಾದಿಂದ ಎದ್ದು ನಿಂತರೆಂದೂ, ಓಟ ಮುಗಿಯುವವರೆಗೆ ಟಿ.ವಿ.ಯ ಮುಂದೆ ಹಾಗೆಯೇ ನಿಂತಿದ್ದರೆಂದೂ ನೆನೆದರು. ಅವರ ಮನೆಯಲ್ಲಿ ಆ ವಾರ ಸೂಪರ್ ಬೌಲ್, ಅಂದರೆ ಲೀಗಿನ ಚಾಂಪಿಯನ್ ಪಟ್ಟವೇ, ಕೈಗೆ ಬಂದಷ್ಟೇ ಸಂಭ್ರಮ. ಆದರೆ ಆ ಋತುವಿನ ಪ್ಲೇಆಫ್‌ನಲ್ಲಿ ವೈಕಿಂಗ್ಸ್ 13–41ರಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಸೋತಿತು. ಮಿನೆಸೋಟದಲ್ಲಿ ವಾಕರ್ ಒಂದು ಋತುವಿನಲ್ಲೂ ಸಾವಿರ ಗಜ ಮುಟ್ಟಲಿಲ್ಲ. 1992ಕ್ಕೆ ಅವರು ಫಿಲಡೆಲ್ಫಿಯಾದಲ್ಲಿದ್ದರು. ಈ ಮಾತು ಹೇಳುವಾಗ ಸಹೋದ್ಯೋಗಿಯ ದನಿ ತಗ್ಗಿತು. ವಾಕರ್ ಮೇಲೆ ಅವರಿಗೆ ಸಿಟ್ಟಿಲ್ಲ, ನನಗೂ ಅದು ನ್ಯಾಯವೆನಿಸುತ್ತದೆ. ಬೆಲೆ ಕಟ್ಟಿದವರು ವಾಕರ್ ಅಲ್ಲವಲ್ಲ.

ಡಲ್ಲಾಸಿನಲ್ಲಿ 1989 ಹೇಗೆ ಮುಗಿಯಿತೆಂಬುದನ್ನು ಈಗಿನ ಅಭಿಮಾನಿಗಳು ಬೇಗ ದಾಟಿ ಹೋಗುತ್ತಾರೆ. ನಾನು ಅಲ್ಲಿ ಸ್ವಲ್ಪ ನಿಲ್ಲಬೇಕೆಂದಿದ್ದೇನೆ. ತಂಡ ಆ ವರ್ಷ 16 ಪಂದ್ಯಗಳಲ್ಲಿ 15 ಸೋತಿತು. ಗೆದ್ದದ್ದು ವಾಷಿಂಗ್ಟನ್ ವಿರುದ್ಧ ನವೆಂಬರ್ 5ರಂದು ಒಂದೇ ಒಂದು, 13–3ರಿಂದ. ಹಾಗೆ ತಳ ಕಂಡ ತಂಡಕ್ಕೆ ಬರಬೇಕಿದ್ದ 1990ರ ಮೊಟ್ಟಮೊದಲ ಪಿಕ್ ಕೂಡ ಸ್ಟೀವ್ ವಾಲ್ಶ್ ಎಂಬ ಆಟಗಾರರನ್ನು ಪಡೆಯುವಲ್ಲಿ ಮುಂಚೆಯೇ ಖರ್ಚಾಗಿತ್ತು. ಟ್ರೇಡ್ ಇಲ್ಲದೆ ಹೋಗಿದ್ದರೆ ಆ ವರ್ಷ ಮೊದಲ ಸುತ್ತಿನಲ್ಲಿ ಡಲ್ಲಾಸ್ ಕೈ ಕಟ್ಟಿ ಕೂರಬೇಕಿತ್ತು. ಮಿನೆಸೋಟದಿಂದ ಬಂದ 21ನೇ ಪಿಕ್‌ಗೆ ಮೂರನೇ ಸುತ್ತಿನ ಒಂದು ಪಿಕ್ ಸೇರಿಸಿ, ಪಿಟ್ಸ್‌ಬರ್ಗ್ ಬಳಿಯಿದ್ದ 17ನೇ ಸ್ಥಾನವನ್ನು ಕೊಂಡರು. ಆ ಸ್ಥಾನದಲ್ಲಿ ಆರಿಸಿದ್ದು ಎಮಿಟ್ ಸ್ಮಿತ್ ಅವರನ್ನು. ಮುಂದೆ 18,355 ಗಜ ಓಡಿ ಲೀಗಿನ ದಾಖಲೆ ಬರೆದ ಅದೇ ಸ್ಮಿತ್. 1992ರಲ್ಲಿ ಬಂದ ಕೆವಿನ್ ಸ್ಮಿತ್, ಡ್ಯಾರೆನ್ ವುಡ್ಸನ್ ಕೂಡ ಇದೇ ವ್ಯಾಪಾರದ ಫಲ. ಇಷ್ಟು ಪಿಕ್‌ಗಳು ಕೈಯಲ್ಲಿದ್ದುದರಿಂದ ಯಾವುದಕ್ಕೆ ಎಷ್ಟು ತೂಕವೆಂದು ತಿಳಿಯಲು, ತಂಡದಲ್ಲಿದ್ದ ಮೈಕ್ ಮೆಕಾಯ್ 1991ರಲ್ಲಿ ಅಂಕಗಳ ಕೋಷ್ಟಕವೊಂದನ್ನೇ ಸಿದ್ಧಪಡಿಸಿದರು. ಮೊದಲ ಪಿಕ್‌ಗೆ 3,000 ಅಂಕ, ಮುಂದೆ ಇಳಿಯುತ್ತ ಹೋಗುತ್ತದೆ. ಆ ಕೋಷ್ಟಕದ ಜಾಡಿನಲ್ಲೇ ಉಳಿದ ತಂಡಗಳೂ ನಡೆದವು.

ಫಲ ಕಾಣಲು ಮೂರು ವರ್ಷ ಹಿಡಿಯಿತು. 1990ರಲ್ಲಿ 7 ಗೆಲುವು, 1991ರಲ್ಲಿ 11, 1992ರಲ್ಲಿ 13. 1993ರ ಜನವರಿ 31ರಂದು ಪಾಸಡಿನಾದಲ್ಲಿ ಬಫಲೊ ವಿರುದ್ಧ 52–17ರಿಂದ ಸೂಪರ್ ಬೌಲ್. ಮರುವರ್ಷ ಮತ್ತೆ ಬಫಲೊ ವಿರುದ್ಧವೇ ಇನ್ನೊಂದು. ಆಮೇಲೆ ಜಾನ್ಸನ್ ತಂಡ ಬಿಟ್ಟರೂ, ಅವರು ಕಟ್ಟಿದ ತಂಡ 1996ರ ಜನವರಿಯಲ್ಲಿ ಮೂರನೆಯದನ್ನು ಗೆದ್ದಿತು.

ನಾನು ಮಾತನಾಡಿಸಿದ ಹೆಚ್ಚಿನವರು, ಟ್ರೇಡ್ ಆದ ದಿನವೇ ತಮಗೆ ಇದು ಒಳ್ಳೆಯದಕ್ಕೆಂದು ಅನಿಸಿತ್ತು ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿದ್ದಾರೆಂದು ನಾನು ತಿಳಿಯುವುದಿಲ್ಲ. ಮೂರು ಸೂಪರ್ ಬೌಲ್‌ಗಳ ಬೆಳಕು ಹಿಂದಕ್ಕೆ ಹರಿದು ಆ ಕತ್ತಲೆಯ ಅಕ್ಟೋಬರನ್ನೂ ಬೆಳಗಿಸಿದೆ, ಅಷ್ಟೆ. ಪಕ್ಕದ ಮನೆಯ ಹಿರಿಯರೊಬ್ಬರೇ ಹಾಗೆನ್ನಲಿಲ್ಲ. ಅಂದು ತಮಗೆ ಅಳು ಬಂದಿತ್ತೆಂದೂ, ಜಾನ್ಸನ್‌ಗೆ ಬುದ್ಧಿ ಕೆಟ್ಟಿದೆಯೆಂದೇ ನಂಬಿದ್ದೆನೆಂದೂ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಈ ವಿಡಿಯೋ ಮಾಡಲು ನನಗೆ ಮನಸ್ಸು ಬಂದದ್ದು ಆ ಮಾತಿನಿಂದಲೇ.

ಜೆರ್ಸಿಯನ್ನು ಮತ್ತೆ ಮಡಚುವಾಗ, ಇದು ಅಂದಿನಿಂದ ಪೆಟ್ಟಿಗೆಯಲ್ಲೇ ಇತ್ತೇ ಎಂದು ಕೇಳಿದೆ. ಒಮ್ಮೆ ಮಾತ್ರ ಹೊರಗೆ ಬಂದಿತ್ತು ಎಂದರು. 1996ರಲ್ಲಿ ವಾಕರ್ ಡಲ್ಲಾಸಿಗೆ ಮರಳಿ, ಅದೇ 34ನ್ನು ತೊಟ್ಟು ಆಡಿದರು. ಆ ವರ್ಷ ಅರ್ವಿಂಗಿನ ಟೆಕ್ಸಸ್ ಸ್ಟೇಡಿಯಮ್ಮಿಗೆ ಹೋದ ಒಂದು ಭಾನುವಾರ ಹಿರಿಯರು ಈ ಜೆರ್ಸಿಯನ್ನು ತೊಟ್ಟಿದ್ದರು. ಸುತ್ತಲಿದ್ದವರೆಲ್ಲ ಎಮಿಟ್ ಸ್ಮಿತ್ ಅವರ 22 ತೊಟ್ಟಿದ್ದರಂತೆ.