ತೋಳು ಮೇಲೇರಿದ ಕಥೆ: ಇಂಗ್ಲೆಂಡಿನ ಮೊದಲ ವೇಗದ ಬೌಲರುಗಳು

ಕೇಳುಗರಿಗೆ ನಮಸ್ಕಾರ.

ಕ್ರಿಕೆಟ್ ಬ್ಯಾಟಿನ ಅಗಲ ನಾಲ್ಕೂಕಾಲು ಅಂಗುಲ ಮೀರುವಂತಿಲ್ಲ. ಇವತ್ತಿಗೂ ಚಾಲ್ತಿಯಲ್ಲಿರುವ ಈ ನಿಯಮವನ್ನು ಮೊದಲು ಬರೆದು ಸಹಿ ಹಾಕಿದವರಲ್ಲಿ ಒಬ್ಬ ವೇಗದ ಬೌಲರ್ ಇದ್ದ. ಹೆಸರು ಥಾಮಸ್ ಬ್ರೆಟ್, ಆಡುತ್ತಿದ್ದದ್ದು ಹ್ಯಾಂಪ್‌ಶೈರಿನ ಹ್ಯಾಂಬಲ್‌ಡನ್ ಕ್ಲಬ್ಬಿಗೆ. 1771ರ ಸೆಪ್ಟೆಂಬರ್‌ನಲ್ಲಿ ಚರ್ಟ್ಸಿ ತಂಡದ ವೈಟ್ ಎಂಬ ದಾಂಡಿಗ ವಿಕೆಟ್ಟಿನಷ್ಟೇ ಅಗಲದ ಬ್ಯಾಟ್ ಹಿಡಿದು ಬಂದ. ಅಂಥ ಹಲಗೆ ಅಡ್ಡ ನಿಂತರೆ ಎಷ್ಟು ವೇಗ ಇದ್ದು ಏನು ಪ್ರಯೋಜನ? ಎರಡೇ ದಿನದಲ್ಲಿ ಬ್ರೆಟ್, ನಾಯಕ ರಿಚರ್ಡ್ ನೈರೆನ್ ಮತ್ತು ದಾಂಡಿಗ ಜಾನ್ ಸ್ಮಾಲ್ ಸೇರಿ ನಾಲ್ಕೂಕಾಲು ಅಂಗುಲದ ಮಿತಿ ಬರೆದಿಟ್ಟರು. 1774ರಲ್ಲಿ ನಿಯಮಾವಳಿಯನ್ನು ತಿದ್ದಿದಾಗ ಅದು ಎಲ್ಲರಿಗೂ ಅನ್ವಯವಾಯಿತು.

ಇಂಗ್ಲಿಷ್ ಕ್ರಿಕೆಟ್ಟಿನ ಮೊದಲ ನೂರೈವತ್ತು ವರ್ಷ ನೋಡಿದರೆ ಹೀಗೇ. ಬೌಲರ್ ಮೊದಲು ಏನೋ ಮಾಡುತ್ತಾನೆ, ನಿಯಮ ಏದುಸಿರು ಬಿಡುತ್ತಾ ಹಿಂದೆ ಬರುತ್ತದೆ.

ಮೊದಲು ಆ ಕಾಲದ ಆಟದ ಅಳತೆಗಳನ್ನು ನೋಡೋಣ. ನಮಗೆ ಸಿಕ್ಕಿರುವ ಅತಿ ಹಳೆಯ ಲಿಖಿತ ನಿಯಮಗಳು 1744ರವು. ಪಿಚ್ಚಿನ ಉದ್ದ ಆಗಲೇ 22 ಗಜ. ಗೂಟಗಳು ಮಾತ್ರ ಎರಡೇ: 22 ಅಂಗುಲ ಎತ್ತರ, ಮೇಲೆ ಆರು ಅಂಗುಲದ ಒಂದೇ ಬೇಲ್, ಅಂದರೆ ಅಡ್ಡಕಡ್ಡಿ. ಓವರಿಗೆ ನಾಲ್ಕು ಎಸೆತ. ಚೆಂಡಿನ ತೂಕ ಐದರಿಂದ ಆರು ಔನ್ಸ್. 1774ರಲ್ಲಿ ಅದನ್ನು ಐದೂವರೆಯಿಂದ ಐದೂಮುಕ್ಕಾಲು ಔನ್ಸ್‌ಗೆ ಬಿಗಿ ಮಾಡಿದರು, ಇಂದಿಗೂ ಅದೇ. ಬೌಲರಿನ ಹಿಂದಿನ ಕಾಲು ಗೆರೆ ದಾಟಿದರೆ ನೋಬಾಲ್ ಎಂಬ ಮಾತು ಆ ಮೊದಲ ನಿಯಮದಲ್ಲೇ ಇದೆ. ಕೈ ಹೇಗಿರಬೇಕು ಎಂಬ ಮಾತು ಮಾತ್ರ ಅಲ್ಲಿಲ್ಲ, ಯಾಕೆಂದರೆ ಎಲ್ಲರೂ ಹಾಕುತ್ತಿದ್ದದ್ದು ಅಂಡರ್‌ಆರ್ಮ್, ಅಂದರೆ ಕೈಯನ್ನು ಕೆಳಗಿನಿಂದಲೇ ಬೀಸಿ.

ಅಂಡರ್‌ಆರ್ಮ್ ಎಂದರೆ ನಮಗೆ ನೆನಪಾಗುವುದು ಕಿಟಕಿ ಗಾಜಿಗೆ ಹೆದರಿ ಗಲ್ಲಿಯಲ್ಲಿ ಮಕ್ಕಳು ಹಾಕುವ ಮೆತ್ತನೆಯ ಚೆಂಡು. ಬ್ರೆಟ್ ಹಾಕುತ್ತಿದ್ದದ್ದು ಅದಲ್ಲ. ಗಟ್ಟಿ ಚೆಂಡು, ಬಿರುಸಿನ ಎಸೆತ, ಕೆಳಗೆ ಏರುಪೇರಿನ ಹುಲ್ಲುನೆಲ. ಚೆಂಡು ಮೊಣಕಾಲಿನ ಮಟ್ಟದಿಂದ ಹೊರಟರೆ ನೆಲಕ್ಕೆ ತುಂಬಾ ಓರೆಯಾಗಿ ತಾಗುತ್ತದೆ. ಪುಟಿಯುವ ಬದಲು ನೆಲ ಸವರಿಕೊಂಡು ನುಗ್ಗುತ್ತದೆ. ಅದಕ್ಕೇ ಆ ಕಾಲದ ಬ್ಯಾಟು ಹಾಕಿ ಕೋಲಿನ ಹಾಗೆ ಬುಡದಲ್ಲಿ ಬಾಗಿರುತ್ತಿತ್ತು. ನೆಲಕ್ಕಂಟಿ ಬರುವ ಚೆಂಡನ್ನು ಬಾಚಿ ಹೊಡೆಯಲು ಅದೇ ಸರಿ. ಬೌಲರುಗಳು ಚೆಂಡನ್ನು ಗಾಳಿಯಲ್ಲಿ ತೂರಿ ದಾಂಡಿಗನ ಮುಂದೆ ಪಿಚ್ ಮಾಡಲು ಕಲಿತ ಮೇಲೆ ಬ್ಯಾಟು ನೇರವಾಯಿತು.

ಪಿಚ್ ಎಲ್ಲಿ ಎಂದು ಆರಿಸುವ ಹಕ್ಕು ಆಗ ಆಟಗಾರರದು. 1774ರ ನಿಯಮದ ಪ್ರಕಾರ ಎದುರಾಳಿ ತೋರಿಸಿದ ಜಾಗದ ಸುತ್ತ ಮೂವತ್ತು ಗಜದೊಳಗೆ ಪ್ರವಾಸಿ ತಂಡ ಗೂಟ ಹುಗಿಯಬಹುದಿತ್ತು. ಲಂಪಿ ಎಂದೇ ಹೆಸರಾದ ಸರ್ರೆಯ ಎಡ್ವರ್ಡ್ ಸ್ಟೀವನ್ಸ್ ಈ ಹಕ್ಕನ್ನು ಚೆನ್ನಾಗಿ ಬಳಸಿಕೊಂಡ. ಟ್ಯಾಂಕರ್‌ವಿಲ್ ಪ್ರಭುವಿನ ತೋಟದ ಮಾಲಿ ಈತ. ದಾಂಡಿಗನ ಮುಂದೆ ಸಣ್ಣ ದಿಬ್ಬವಿದ್ದು ಅಲ್ಲಿಂದ ಇಳಿಜಾರಾಗುವ ಜಾಗವನ್ನೇ ಹುಡುಕುತ್ತಿದ್ದ. ಚೆಂಡು ದಿಬ್ಬ ದಾಟಿ ಬಿದ್ದು ಪುಟಿಯದೆ ಗೂಟದ ಬುಡಕ್ಕೆ ನುಗ್ಗಲಿ ಎಂದು. 1775ರ ಮೇ ತಿಂಗಳಲ್ಲಿ ಲಂಡನ್ನಿನ ಆರ್ಟಿಲರಿ ಮೈದಾನದಲ್ಲಿ ಐದೈದು ಜನರ ಪಂದ್ಯ. ಜಾನ್ ಸ್ಮಾಲ್‌ಗೆ ಲಂಪಿ ಹಾಕಿದ ಚೆಂಡು ಒಂದಲ್ಲ, ಮೂರು ಸಲ ಎರಡು ಗೂಟಗಳ ನಡುವೆ ತೂರಿಹೋಯಿತು, ಬೇಲ್ ಅಲುಗಲಿಲ್ಲ. ಲೆಕ್ಕ ಹಾಕಿ: ಚೆಂಡಿನ ಅಡ್ಡಳತೆ ಮೂರಂಗುಲಕ್ಕೂ ಕಡಿಮೆ, ಗೂಟಗಳ ನಡುವಿನ ಜಾಗ ಅದರ ಎರಡರಷ್ಟು. ನಿಖರವಾಗಿ ಹಾಕಿದಷ್ಟೂ ಬೌಲರಿಗೇ ನಷ್ಟ! ಸ್ಮಾಲ್ ಬಚಾವಾಗಿ ಪಂದ್ಯವನ್ನೂ ಗೆಲ್ಲಿಸಿದ. ಮೂರನೆಯ ಗೂಟ ಬಂದದ್ದು ಆ ಮೇಲೆ.

ಅಂಡರ್‌ಆರ್ಮ್ ಕಾಲದ ಬೌಲರುಗಳಲ್ಲಿ ನಾನು ಎಲ್ಲರಿಗಿಂತ ಮೇಲೆ ಇಡುವುದು ಡೇವಿಡ್ ಹ್ಯಾರಿಸ್‌ನನ್ನು. ಹ್ಯಾಂಬಲ್‌ಡನ್ ತಂಡದವನೇ, ಕಸುಬಿನಲ್ಲಿ ಕುಂಬಾರ. ಸಿಪಾಯಿಯ ಹಾಗೆ ನೆಟ್ಟಗೆ ನಿಲ್ಲುತ್ತಿದ್ದ, ಚೆಂಡನ್ನು ಹಣೆಯ ಮಟ್ಟಕ್ಕೆ ಎತ್ತುತ್ತಿದ್ದ, ಬಲಗಾಲು ಹಿಂದಿಟ್ಟು ಹೊರಡುತ್ತಿದ್ದ. ಕೈ ತೂಗಿ ಮೊಣಕಾಲಿನ ಹತ್ತಿರ ಚೆಂಡು ಬಿಡುವ ಬದಲು ಕಂಕುಳಿನ ಹತ್ತಿರದಿಂದ ಮಣಿಕಟ್ಟಿನ ತಿರುವಿನೊಂದಿಗೆ ತಳ್ಳಿ ಬಿಡುತ್ತಿದ್ದ. ಬಿಡುವ ಎತ್ತರ ಹೆಚ್ಚಿದ್ದರಿಂದ ಚೆಂಡು ನೆಲಕ್ಕೆ ಕಡಿದಾಗಿ ಇಳಿಯಿತು, ಕಡಿದಾಗಿ ಇಳಿದದ್ದರಿಂದ ಮೇಲಕ್ಕೆ ಪುಟಿಯಿತು. ಕ್ರೀಸಿನಲ್ಲೇ ಕೂತು ಆಡಿದವರ ಬೆರಳುಗಳು ಬ್ಯಾಟಿನ ಹಿಡಿಗೂ ಚೆಂಡಿಗೂ ನಡುವೆ ಸಿಕ್ಕಿ ಜಜ್ಜಿದವು. ಬೇರೆ ದಾರಿ ಇಲ್ಲದೆ ದಾಂಡಿಗರು ಮುಂಗಾಲು ಚಾಚಿ, ಪುಟಿಯುವ ಮೊದಲೇ ಚೆಂಡನ್ನು ತಡೆಯಲು ಕಲಿತರು. ಇವತ್ತು ಯಾವ ಕೋಚಿಂಗ್ ಶಿಬಿರಕ್ಕೆ ಹೋದರೂ ಮೊದಲ ದಿನ ಹೇಳಿಕೊಡುವ ಫಾರ್ವರ್ಡ್ ಡಿಫೆನ್ಸ್ ಬೆಳೆದದ್ದು ಇಂಥ ಬೌಲಿಂಗ್ ಎದುರು. ಲಂಪಿಗೆ ಇಳಿಜಾರು ಬೇಕಿದ್ದರೆ ಹ್ಯಾರಿಸ್‌ಗೆ ಏರು ನೆಲ ಬೇಕಿತ್ತು. ಕೊನೆಯ ವರ್ಷಗಳಲ್ಲಿ ಸಂಧಿವಾತ ಹಿಡಿದು ನಿಲ್ಲಲೂ ಕಷ್ಟವಾದಾಗ, ಒಂದು ಎಸೆತಕ್ಕೂ ಇನ್ನೊಂದಕ್ಕೂ ನಡುವೆ ಕೂರಲು ಮೈದಾನಕ್ಕೇ ಕೈಕುರ್ಚಿ ತರಿಸುತ್ತಿದ್ದರಂತೆ.

ಕೈ ಇನ್ನೂ ಮೇಲೆ ಹೋಗಬಹುದೇ? ಹ್ಯಾಂಬಲ್‌ಡನ್‌ನ ಟಾಮ್ ವಾಕರ್ 1780ರ ದಶಕದಲ್ಲೇ ಪ್ರಯತ್ನಿಸಿ ನೋಡಿದ. ಅವನ ಕ್ಲಬ್ಬೇ ಇದು ಮೋಸದ ಎಸೆತವೆಂದು ನಿಲ್ಲಿಸಿತು. ಕೆಂಟ್‌ನ ಜಾನ್ ವಿಲ್ಸ್ 1807ರಿಂದ ಮತ್ತೆ ಹಟ ಹಿಡಿದ. ತೋಳನ್ನು ಭುಜದ ಮಟ್ಟದಲ್ಲಿ ಪಕ್ಕಕ್ಕೆ ಚಾಚಿ ಬೀಸಿ ಹಾಕುವ ಈ ಬಗೆಗೆ ರೌಂಡ್‌ಆರ್ಮ್ ಎಂದು ಹೆಸರು. 1816ರಲ್ಲಿ ಕೈ ಮೊಣಕೈಗಿಂತ ಕೆಳಗಿರಬೇಕು ಎಂಬ ನಿಯಮ ಬಂತು. 1822ರ ಜುಲೈಯಲ್ಲಿ ಲಂಡನ್ನಿನ ಲಾರ್ಡ್ಸ್ ಮೈದಾನದಲ್ಲಿ, ನಿಯಮ ಮಾಡುತ್ತಿದ್ದ ಕ್ಲಬ್ಬಾದ ಎಂಸಿಸಿ ವಿರುದ್ಧ ಕೆಂಟ್ ಆಡುವಾಗ ಅಂಪೈರ್ ನೋವಾ ಮ್ಯಾನ್ ವಿಲ್ಸ್‌ಗೆ ನೋಬಾಲ್ ಕೂಗಿದ. ವಿಲ್ಸ್ ಚೆಂಡು ಬಿಸಾಡಿ, ಕುದುರೆ ಹತ್ತಿ ಹೊರಟುಹೋದ. ದೊಡ್ಡ ಪಂದ್ಯಗಳಿಗೆ ಮತ್ತೆ ಬರಲಿಲ್ಲ.

ಅಂಡರ್‌ಆರ್ಮ್‌ನಲ್ಲೇ ಬಿರುಸು ಸಾಕಷ್ಟು ಸಿಗುತ್ತಿರಲಿಲ್ಲವೇ ಎಂದು ಕೇಳಬಹುದು. ಬ್ರೈಟನ್ನಿನ ಜಾರ್ಜ್ ಬ್ರೌನ್ ಅದಕ್ಕೆ ಉತ್ತರ. ಅವನ ಎಸೆತಗಳನ್ನು ತಡೆಯಲು ವಿಕೆಟ್‌ಕೀಪರ್‌ನ ಹಿಂದೆ, ಅಂದರೆ ಲಾಂಗ್‌ಸ್ಟಾಪ್ ಜಾಗದಲ್ಲಿ ನಿಲ್ಲುತ್ತಿದ್ದ ಡೆಂಚ್ ಎಂಬಾತ ಎದೆಗೆ ಹುಲ್ಲು ತುಂಬಿದ ಚೀಲ ಕಟ್ಟಿಕೊಳ್ಳುತ್ತಿದ್ದ. ಬ್ರೌನನ ಒಂದು ಚೆಂಡು ಅಡ್ಡ ಹಿಡಿದ ಕೋಟನ್ನು ತೂರಿ ಆಚೆಗಿದ್ದ ನಾಯಿಯನ್ನು ಕೊಂದಿತು ಎಂಬ ಕಥೆಯೂ ಇದೆ. ಕೋಟಿನ ಭಾಗವನ್ನು ನಾನು ನಂಬುವುದಿಲ್ಲ, ಹುಲ್ಲಿನ ಚೀಲವನ್ನು ನಂಬುತ್ತೇನೆ. ಹಾಗಾಗಿ ರೌಂಡ್‌ಆರ್ಮ್ ತಂದದ್ದು ಬರೀ ವೇಗವನ್ನಲ್ಲ. ಅದು ವೇಗದ ಜೊತೆಗೆ ಪುಟಿತವನ್ನೂ, ಕೋನವನ್ನೂ ತಂದಿತು.

ಆ ಕೋನ ಹೇಗೆ ಬಂತು ನೋಡಿ. ಬಲಗೈ ಬೌಲರ್ ತೋಳನ್ನು ಪಕ್ಕಕ್ಕೆ ಚಾಚಬೇಕಾದರೆ ಗೂಟ ಎಡಕ್ಕಿರಬೇಕು, ಅಂದರೆ ರೌಂಡ್ ದಿ ವಿಕೆಟ್ ಬರಬೇಕು. ಆಗ ಚೆಂಡು ಹೊರಡುವುದು ಬಲಗೈ ದಾಂಡಿಗನ ಲೆಗ್ ಕಡೆಯಿಂದ, ಸಾಗುವುದು ಆಫ್ ಕಡೆಗೆ. ಕಾಲಿಗೆ ಬಡಿದರೂ ಎಲ್‌ಬಿಡಬ್ಲ್ಯು ಸಿಗುವುದು ಅಪರೂಪ, ಏಕೆಂದರೆ ಆಗ ಚೆಂಡು ವಿಕೆಟ್ಟಿನಿಂದ ವಿಕೆಟ್ಟಿಗೆ ಎಳೆದ ಗೆರೆಯ ಮೇಲೆಯೇ ಬಿದ್ದಿರಬೇಕಿತ್ತು. ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ಕೈ ಕೆಳಗಿನಿಂದ ಮೇಲಕ್ಕೋ ಮೇಲಿನಿಂದ ಕೆಳಕ್ಕೋ ತಿರುಗುವಾಗ ಚೆಂಡು ಬಿಡುವ ಕ್ಷಣ ತಪ್ಪಿದರೆ ಲೆಂತ್, ಅಂದರೆ ಚೆಂಡು ಬೀಳುವ ದೂರ, ಕೆಡುತ್ತದೆ, ದಿಕ್ಕು ಉಳಿಯುತ್ತದೆ. ಕೈ ಅಡ್ಡಡ್ಡ ಬೀಸಿದಾಗ ಅದೇ ತಪ್ಪು ದಿಕ್ಕನ್ನು ಕೆಡಿಸುತ್ತದೆ. ಸ್ವಲ್ಪ ಬೇಗ ಬಿಟ್ಟರೆ ಒಂದು ಕಡೆ ವೈಡ್, ತಡವಾದರೆ ಇನ್ನೊಂದು ಕಡೆ ವೈಡ್. ಆ ಕಾಲದ ಸ್ಕೋರುಪಟ್ಟಿಗಳಲ್ಲಿ ಇತರೆ ಓಟಗಳು ಧಾರಾಳವಾಗಿ ಕಾಣುವುದಕ್ಕೆ, ಲಾಂಗ್‌ಸ್ಟಾಪ್‌ನವನಿಗೆ ಅಷ್ಟು ಬೆಲೆ ಇದ್ದದ್ದಕ್ಕೆ ಇದೂ ಒಂದು ಕಾರಣ.

ಸಸೆಕ್ಸ್‌ನ ವಿಲಿಯಂ ಲಿಲಿವೈಟ್ ಮತ್ತು ಜೇಮ್ಸ್ ಬ್ರಾಡ್‌ಬ್ರಿಡ್ಜ್ ಈ ತೊಂದರೆಯನ್ನು ಗೆದ್ದವರು. ಲಿಲಿವೈಟ್ ವೇಗದವನಲ್ಲ, ಅವನ ಬಂಡವಾಳ ನಿಖರತೆ. 1827ರಲ್ಲಿ ರೌಂಡ್‌ಆರ್ಮ್ ಅನ್ನು ಪರೀಕ್ಷಿಸಲು ಸಸೆಕ್ಸ್‌ಗೂ ಇಂಗ್ಲೆಂಡ್ ತಂಡಕ್ಕೂ ಮೂರು ಪಂದ್ಯ ನಡೆದವು: ಶೆಫೀಲ್ಡ್, ಲಾರ್ಡ್ಸ್, ಬ್ರೈಟನ್. ಮೊದಲೆರಡು ಸಸೆಕ್ಸ್ ಪಾಲಾದವು. ಸಸೆಕ್ಸ್‌ನವರು ಈ ಎಸೆತ ಬಿಡದಿದ್ದರೆ ಮೂರನೆಯದು ಆಡುವುದಿಲ್ಲವೆಂದು ಇಂಗ್ಲೆಂಡಿನ ಆಟಗಾರರು ಬರೆದುಕೊಟ್ಟು, ಆಮೇಲೆ ಮಾತು ಹಿಂದಕ್ಕೆ ತೆಗೆದುಕೊಂಡು, ಆಡಿ ಗೆದ್ದರು. 1828ರಲ್ಲಿ ಮೊಣಕೈ ಮಟ್ಟದವರೆಗೆ, 1835ರಲ್ಲಿ ಭುಜದ ಮಟ್ಟದವರೆಗೆ ಕೈ ಎತ್ತಲು ಅನುಮತಿ ಸಿಕ್ಕಿತು.

ಈ ಅನುಮತಿಯ ಪೂರ್ಣ ಲಾಭ ಪಡೆದದ್ದು ಕೆಂಟ್‌ನ ಆಲ್ಫ್ರೆಡ್ ಮಿನ್. ಆರಡಿ ಒಂದಂಗುಲ ಎತ್ತರದ ಭಾರಿ ಆಳು. ಜನ ಕೆಂಟ್‌ನ ಸಿಂಹ ಎನ್ನುತ್ತಿದ್ದರು. ವಿಪರ್ಯಾಸವೆಂದರೆ ವೇಗದ ಬೌಲಿಂಗ್ ಕಾಲನ್ನು ಏನು ಮಾಡಬಲ್ಲದು ಎಂಬುದಕ್ಕೆ ಉದಾಹರಣೆಯೂ ಅವನೇ. 1836ರಲ್ಲಿ ಲೆಸ್ಟರ್‌ನಲ್ಲಿ ಉತ್ತರ–ದಕ್ಷಿಣ ಪಂದ್ಯ. ಮೊದಲೇ ಪೆಟ್ಟಾಗಿದ್ದ ಕಾಲಿನಲ್ಲಿ, ಪ್ಯಾಡ್ ಇಲ್ಲದೆ, ನಾಟಿಂಗ್‌ಹ್ಯಾಮಿನ ಸ್ಯಾಮ್ ರೆಡ್‌ಗೇಟನ ಬಿರುಸಿನ ಎಸೆತಗಳನ್ನು ಅದೇ ಕಾಲಿಗೆ ಮತ್ತೆ ಮತ್ತೆ ತಿನ್ನುತ್ತಾ ಮಿನ್ ಅಜೇಯ 125 ಹೊಡೆದ. ಗಾಡಿಯೊಳಗೆ ಕಾಲು ಚಾಚಲಾಗದೆ ಅವನನ್ನು ಕೋಚುಗಾಡಿಯ ಛಾವಣಿಯ ಮೇಲೆ ಮಲಗಿಸಿ ಲಂಡನ್ನಿಗೆ ಸಾಗಿಸಿದರು. ಕಾಲು ಕತ್ತರಿಸುವ ಮಾತು ಬಂದು, ಹೇಗೋ ಉಳಿಯಿತು. ಹಿಂದೆ ಸರ್ರೆಯ ರಾಬರ್ಟ್ ರಾಬಿನ್‌ಸನ್ ಎರಡು ತೆಳು ಹಲಗೆ ಕಾಲಿಗೆ ಕಟ್ಟಿಕೊಂಡು ಬಂದಾಗ, ಚೆಂಡು ಬಡಿದ ಸದ್ದಿಗೇ ಜನ ನಕ್ಕು ಅದನ್ನು ಬಿಡಿಸಿದ್ದರು. ರೌಂಡ್‌ಆರ್ಮ್ ಬಂದ ಮೇಲೆ ಯಾರೂ ನಗಲಿಲ್ಲ. ಪ್ಯಾಡು, ಗ್ಲೌಸು ಒಂದೊಂದಾಗಿ ಬಂದವು.

1850ರಲ್ಲಿ ಲಾರ್ಡ್ಸ್‌ನಲ್ಲಿ ಜಾನ್ ವಿಸ್ಡನ್ ಒಂದೇ ಇನಿಂಗ್ಸಿನ ಹತ್ತೂ ವಿಕೆಟ್ ಪಡೆದ, ಹತ್ತೂ ಬೌಲ್ಡ್. ಗಿಡ್ಡ ಆಳು. ಪ್ರತಿವರ್ಷ ಬರುವ ಆ ಹೆಸರಿನ ಕ್ರಿಕೆಟ್ ಪಂಚಾಂಗವನ್ನು 1864ರಲ್ಲಿ ಶುರುಮಾಡಿದವನೂ ಅವನೇ.

ಭುಜದ ಮಟ್ಟ ಎಂಬ ನಿಯಮ ಕಾಗದದ ಮೇಲೆ ಸ್ಪಷ್ಟ, ಮೈದಾನದಲ್ಲಿ ಗೊಂದಲ. ಬಲಗೈ ಬೌಲರ್ ದೇಹವನ್ನು ಎಡಕ್ಕೆ ಬಾಗಿಸಿದರೆ ಬಲಭುಜ ತಾನಾಗಿ ಮೇಲೇರುತ್ತದೆ. ಕೈ ಭುಜ ದಾಟಿತೋ ಇಲ್ಲವೋ, ಕಾಲಿನ ಗೆರೆಯನ್ನೂ ನೋಡಬೇಕಾದ ಅಂಪೈರ್ ಕಣ್ಣೆವೆ ಇಕ್ಕುವುದರಲ್ಲಿ ಹೇಗೆ ಹೇಳುವುದು? ಹೆಚ್ಚಿನವರು ಕಂಡೂ ಕಾಣದಂತೆ ಇದ್ದರು. 1862ರ ಆಗಸ್ಟ್ 26ರಂದು ಓವಲ್‌ನಲ್ಲಿ ಒಬ್ಬ ಅಂಪೈರ್ ಹಾಗೆ ಇರಲಿಲ್ಲ. ಇಂಗ್ಲೆಂಡ್ ತಂಡ 503 ಓಟ ಹೊಡೆದು ಸರ್ರೆಯನ್ನು ಬ್ಯಾಟಿಂಗಿಗೆ ಇಳಿಸಿತ್ತು. ಕೆಂಟ್‌ನ ಎಡಗೈ ವೇಗಿ ಎಡ್ಗರ್ ವಿಲ್ಶರ್‌ಗೆ ಅಂಪೈರ್ ಸಾಲಾಗಿ ಆರು ಸಲ ನೋಬಾಲ್ ಕೂಗಿದ. ವಿಲ್ಶರ್ ಚೆಂಡು ಎಸೆದು ಹೊರನಡೆದ, ಜೊತೆಗೆ ತಂಡದ ಉಳಿದ ಎಂಟು ವೃತ್ತಿಪರರೂ ನಡೆದರು. ಮೈದಾನದಲ್ಲಿ ಉಳಿದವರು ಇಬ್ಬರು ಹವ್ಯಾಸಿಗಳು. ಆ ಅಂಪೈರ್ ಯಾರು ಗೊತ್ತೇ? ಜಾನ್ ಲಿಲಿವೈಟ್, ರೌಂಡ್‌ಆರ್ಮ್‌ಗಾಗಿ ಹೋರಾಡಿದ ವಿಲಿಯಂ ಲಿಲಿವೈಟನ ಮಗ. ಮರುದಿನ ಅಂಪೈರನ್ನು ಬದಲಾಯಿಸಿ ಆಟ ಮುಂದುವರಿಸಿದರು. ಜಾನ್ ಮಾಡಿದ್ದು ನಿಯಮದ ಪ್ರಕಾರ ತಪ್ಪಲ್ಲ, ಆದರೆ ಅದರಿಂದಲೇ ನಿಯಮ ಹೋಯಿತು. 1864ರ ಜೂನ್ 10ರಂದು ಎಂಸಿಸಿ ಕೈ ಎತ್ತರದ ನಿರ್ಬಂಧವನ್ನೇ ತೆಗೆದುಹಾಕಿತು. ಇಂದು ನಾವು ನೋಡುವ ಬೌಲಿಂಗ್ ಅಲ್ಲಿಂದ ಕಾನೂನುಬದ್ಧ.

ಕೈ ಮೇಲೇರಿತು, ನೆಲ ಮಾತ್ರ ಹಾಗೇ ಇತ್ತು. ಲಾರ್ಡ್ಸ್ ಪಿಚ್ ಆಗ ಕುಖ್ಯಾತ, ಹುಲ್ಲಿನ ನಡುವೆ ಕಲ್ಲುಹರಳು. 1870ರ ಜೂನ್‌ನಲ್ಲಿ ಎಂಸಿಸಿಯ ಜಾನ್ ಪ್ಲ್ಯಾಟ್ಸ್ ಹಾಕಿದ ಚೆಂಡು ಪಿಚ್ಚಿನಿಂದ ಚಿಮ್ಮಿ ನಾಟಿಂಗ್‌ಹ್ಯಾಮ್‌ಶೈರಿನ ಜಾರ್ಜ್ ಸಮ್ಮರ್ಸ್‌ನ ತಲೆಗೆ ಬಡಿಯಿತು. ಮುಂದಿನ ದಾಂಡಿಗ ರಿಚರ್ಡ್ ಡಾಫ್ಟ್ ತಲೆಗೆ ಟವೆಲ್ ಸುತ್ತಿಕೊಂಡು ಬಂದ. ಸಮ್ಮರ್ಸ್ ಊರಿಗೆ ಮರಳಿದ, ಪೆಟ್ಟು ಬಿದ್ದ ನಾಲ್ಕು ದಿನಕ್ಕೆ ತೀರಿಕೊಂಡ, 25 ವರ್ಷ. ಪ್ಲ್ಯಾಟ್ಸ್ ಆ ಮೇಲೆ ವೇಗದ ಬೌಲಿಂಗ್ ಬಿಟ್ಟು ನಿಧಾನದ ಬೌಲರ್ ಆದ.

ಭಾರದ ರೋಲರು, ಹುಲ್ಲು ಕತ್ತರಿಸುವ ಯಂತ್ರ ಬಂದಂತೆ ಪಿಚ್ ಸಪಾಟಾಯಿತು, ಬೌಲರ್ ಕೆಲಸ ಭಾರವಾಯಿತು. ಎಷ್ಟು ಭಾರ ಎಂಬುದಕ್ಕೆ ಸರ್ರೆಯ ಟಾಮ್ ರಿಚರ್ಡ್‌ಸನ್ ಸಾಕ್ಷಿ. 1895ರ ಒಂದೇ ಋತುವಿನಲ್ಲಿ 290 ವಿಕೆಟ್. ಮರುವರ್ಷ ಓಲ್ಡ್ ಟ್ರಾಫರ್ಡ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ ಮೊದಲ ಇನಿಂಗ್ಸಿನಲ್ಲಿ 68 ಓವರ್, ಏಳು ವಿಕೆಟ್. ಅದೇ ಪಂದ್ಯದಲ್ಲಿ ನಮ್ಮ ರಣಜಿತ್‌ಸಿಂಹಜಿ ತಮ್ಮ ಮೊದಲ ಟೆಸ್ಟ್ ಆಡಿ ಅಜೇಯ 154 ಹೊಡೆದರು. ಆಸ್ಟ್ರೇಲಿಯಾಕ್ಕೆ ಬೇಕಿದ್ದದ್ದು 125 ಮಾತ್ರ. ರಿಚರ್ಡ್‌ಸನ್ ಸುಮಾರು ಮೂರು ಗಂಟೆ ಬಿಡುವಿಲ್ಲದೆ 42.3 ಓವರ್ ಹಾಕಿ ಆರು ವಿಕೆಟ್ ಕಿತ್ತ. ಆಗ ಓವರಿಗೆ ಐದೇ ಎಸೆತ. ಕೂಡಿಸಿದರೆ ಆ ಪಂದ್ಯದಲ್ಲಿ ಅವನು ಹಾಕಿದ್ದು 553 ಎಸೆತ. ಆಸ್ಟ್ರೇಲಿಯಾ ಮೂರು ವಿಕೆಟ್‌ಗಳಿಂದ ಗೆದ್ದಿತು.

ಕೈ ಎಷ್ಟು ಎತ್ತರ ಎಂಬ ಜಗಳ ತೀರಿದ ಮೇಲೆ ಮೊಣಕೈ ಎಷ್ಟು ಬಾಗಿತು, ಅಂದರೆ ಇದು ಬೌಲಿಂಗೋ ಬರೀ ಕಲ್ಲು ಬೀಸಿದ ಹಾಗೆ ಎಸೆತವೋ ಎಂಬ ಜಗಳ ಎದ್ದಿತು. 1901ರ ಜುಲೈಯಲ್ಲಿ, ಅದೇ ಓಲ್ಡ್ ಟ್ರಾಫರ್ಡ್‌ನಲ್ಲಿ, ಲ್ಯಾಂಕಾಶೈರಿನ ವೇಗಿ ಆರ್ಥರ್ ಮೋಲ್ಡ್‌ಗೆ ಅಂಪೈರ್ ಜಿಮ್ ಫಿಲಿಪ್ಸ್ ಹದಿನಾರು ಸಲ ನೋಬಾಲ್ ಕೂಗಿದ. ಈ ಸಲ ಮೈದಾನ ಬಿಟ್ಟು ಯಾರೂ ನಡೆಯಲಿಲ್ಲ. ಅಂಪೈರನ್ನೂ ಬದಲಾಯಿಸಲಿಲ್ಲ. ಮೋಲ್ಡ್ ಆಡಿದ ಕೊನೆಯ ಋತು ಅದೇ ಆಯಿತು.

ನಮಸ್ಕಾರ.