ಕ್ರಿಸ್ಮಸ್ ಮರಕ್ಕೆ ಥೀಮ್ ಬೇಡ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಬಂತೆಂದರೆ ಮಂಗಳೂರಿನ ಅಂಗಡಿಗಳ ಮುಂದೆ ಪ್ಲಾಸ್ಟಿಕ್ ಮರಗಳು ಸಾಲಾಗಿ ನಿಲ್ಲುತ್ತವೆ. ಪಕ್ಕದಲ್ಲೇ ಅಲಂಕಾರದ ಪೆಟ್ಟಿಗೆಗಳು. ಬಿಳಿ ಕೊಂಡರೆ ಎಲ್ಲವೂ ಬಿಳಿ, ಚಿನ್ನದ ಬಣ್ಣ ಕೊಂಡರೆ ಎಲ್ಲವೂ ಚಿನ್ನ. ಇದಕ್ಕೆ ಥೀಮ್ ಎನ್ನುತ್ತಾರೆ. ಮಗು ಬಣ್ಣದ ಕಾಗದ ಕತ್ತರಿಸಿ ಸೊಟ್ಟ ನಕ್ಷತ್ರವೊಂದನ್ನು ಮಾಡಿ ತಂದರೆ, "ಹಿಂದುಗಡೆ ಕಟ್ಟು, ಫೋಟೊದಲ್ಲಿ ಕಾಣುವುದು ಬೇಡ" ಎನ್ನುವ ದೊಡ್ಡವರಿದ್ದಾರೆ. ಆ ಮಾತು ಕೇಳಿದಾಗಲೆಲ್ಲ ನನಗೆ ನೋವಾಗುತ್ತದೆ. ಆ ನಕ್ಷತ್ರ ಮುಂದೆಯೇ ಇರಬೇಕು, ಎಲ್ಲರ ಕಣ್ಣಿಗೆ ಬೀಳುವ ಕೊಂಬೆಯಲ್ಲಿ.

ಮರದ ಚರಿತ್ರೆ ನೋಡಿ. ಈಗ ಫ್ರಾನ್ಸಿನಲ್ಲಿರುವ ಸ್ಟ್ರಾಸ್‌ಬರ್ಗ್ ಪಟ್ಟಣದ ಬಗ್ಗೆ 1605ರಲ್ಲಿ ಯಾರೋ ಬರೆದಿಟ್ಟ ಟಿಪ್ಪಣಿ ಉಳಿದಿದೆ. ಅಲ್ಲಿನವರು ಸೂಜಿಯೆಲೆಯ ಫರ್ ಮರವನ್ನು ಕೋಣೆಯೊಳಗೆ ನಿಲ್ಲಿಸಿ, ಬಣ್ಣಬಣ್ಣದ ಕಾಗದದ ಗುಲಾಬಿ, ಸೇಬು, ಹಿಟ್ಟಿನ ತೆಳುವಾದ ಬಿಲ್ಲೆ, ಸಕ್ಕರೆ ತೂಗುಹಾಕುತ್ತಿದ್ದರಂತೆ. ಅಂದರೆ ಅಡುಗೆಮನೆಯಲ್ಲಿದ್ದದ್ದು ಮತ್ತು ಕೈಯಲ್ಲಿ ಮಾಡಿದ್ದು. ಲೌಷಾ ಎಂಬ ಜರ್ಮನ್ ಊರಿನವರು ಗಾಜು ಊದಿ ಚೆಂಡು ಮಾಡಿ ಮಾರತೊಡಗಿದ್ದು 19ನೇ ಶತಮಾನದಲ್ಲಿ. 1848ರಲ್ಲಿ ವಿಕ್ಟೋರಿಯಾ ರಾಣಿಯ ಕುಟುಂಬ ಮರದ ಸುತ್ತ ನಿಂತ ಚಿತ್ರ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾದ ಮೇಲೆ ಇಂಗ್ಲಿಷರ ಮನೆಗಳಲ್ಲೂ ಈ ರೂಢಿ ಹಬ್ಬಿತು. 1882ರಲ್ಲಿ ಎಡಿಸನ್ನನ ಸಂಗಡಿಗ ಎಡ್ವರ್ಡ್ ಜಾನ್ಸನ್ ನ್ಯೂಯಾರ್ಕಿನ ತನ್ನ ಮನೆಯ ಮರಕ್ಕೆ 80 ವಿದ್ಯುತ್ ದೀಪ ಹಾಕಿದ. ಅವೂ ಕೈಯಲ್ಲೇ ತಂತಿ ಜೋಡಿಸಿದ ದೀಪಗಳು.

ನಮ್ಮ ಕರಾವಳಿಯ ಕ್ರೈಸ್ತ ಮನೆಗಳಲ್ಲಿ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಪುಟ್ಟ ಮಾದರಿ, ಹೇಗೆ ಮಾಡುತ್ತೇವೆ? ಹಬ್ಬಕ್ಕೆ ಮುಂಚೆಯೇ ತಟ್ಟೆಯಲ್ಲಿ ರಾಗಿಯೋ ಭತ್ತವೋ ಬಿತ್ತಿ ಮೊಳಕೆ ಬರಿಸುತ್ತೇವೆ, ಅದು ಗೋದಲಿಯ ಹಸಿರು ಗದ್ದೆಯಾಗುತ್ತದೆ. ಹುಲ್ಲು, ರಟ್ಟು, ಮಣ್ಣು ಎಲ್ಲ ಮನೆಯ ಸುತ್ತಲಿನದೇ. ಗೋದಲಿಯ ಕುರಿ ಬೊಂಬೆಯೊಂದರ ಕಾಲು ಮುರಿದಿದ್ದರೆ ಅದನ್ನು ಎಸೆಯುವುದಿಲ್ಲ, ಹುಲ್ಲಿನ ಮೇಲೆ ಮಲಗಿಸುತ್ತೇವೆ. ಗೋದಲಿಗೆ ಥೀಮ್ ಯಾರೂ ಕೇಳುವುದಿಲ್ಲ. ಪಕ್ಕದಲ್ಲೇ ನಿಲ್ಲುವ ಮರಕ್ಕೆ ಮಾತ್ರ ಏಕೆ?

ಫರ್ ಮರ ನಮ್ಮಲ್ಲಿಲ್ಲ, ಗಾಳಿ ಮರ (ಸರ್ವೆ ಮರ) ಇದೆ. ಅದರ ಸೂಜಿಯಂತಹ ಹಸಿರು ಕಡ್ಡಿಗಳು ನಿಜವಾಗಿ ಎಲೆಗಳಲ್ಲ, ಸಣ್ಣ ರೆಂಬೆಗಳು. ಎಲೆಗಳು ಗೆಣ್ಣುಗಳಲ್ಲಿ ಕಣ್ಣಿಗೆ ಸುಲಭವಾಗಿ ಕಾಣದಷ್ಟು ಚಿಕ್ಕದಾಗಿರುತ್ತವೆ. ಒಂದು ಕೊಂಬೆಯನ್ನು ಬಕೆಟ್ಟಿನ ಮರಳಿನಲ್ಲಿ ಊರಿ ನೀರು ಹಾಕಿದರೆ ಸಾಕು, ಬಾಗಿದ ತುದಿಗಳಲ್ಲಿ ಅದು ಎಷ್ಟು ಚೆಂದ ಕಾಣುತ್ತದೆ! ಪರಿಚಯದವರ ತೋಟದಿಂದ ಕೇಳಿ ತನ್ನಿ. ಕಡಲತೀರದಲ್ಲಿ ಮರಳು ತಡೆಯಲೆಂದು ಅರಣ್ಯ ಇಲಾಖೆ ನೆಟ್ಟವನ್ನು ದಯವಿಟ್ಟು ಮುಟ್ಟಬೇಡಿ.

ಫ್ಲ್ಯಾಟಿನಲ್ಲಿರುವವರಿಗೆ, ಕೊಲ್ಲಿ ದೇಶಗಳಲ್ಲಿರುವವರಿಗೆ ಪ್ಲಾಸ್ಟಿಕ್ ಮರವೇ ಗತಿ, ಅದು ನನಗೆ ಗೊತ್ತು. ಅದರ ಮೇಲೆ ನನಗೆ ಸಿಟ್ಟಿಲ್ಲ. ಒಮ್ಮೆ ಕೊಂಡದ್ದನ್ನು ಮಡಚಿಟ್ಟು ವರ್ಷ ವರ್ಷ ಬಳಸಿ. ನನ್ನ ತಕರಾರು ಅದಕ್ಕೆ ಏನು ತೂಗುಹಾಕುತ್ತೀರಿ ಎಂಬುದರಲ್ಲಿ.

ಮುಂಬೈಯಿಂದ, ದುಬೈಯಿಂದ ಹಿಂದೆಲ್ಲ ಬರುತ್ತಿದ್ದ ಗ್ರೀಟಿಂಗ್ ಕಾರ್ಡುಗಳು ಯಾವುದೋ ಪೆಟ್ಟಿಗೆಯಲ್ಲಿರುತ್ತವೆ. ಅವಕ್ಕೆ ತೂತು ಮಾಡಿ ದಾರ ಪೋಣಿಸಿ ಕಟ್ಟಿ. ಕಳುಹಿಸಿದ ಚಿಕ್ಕಪ್ಪ ಈಗಿಲ್ಲದಿದ್ದರೆ ಮೊದಲು ಅವರ ಕಾರ್ಡನ್ನೇ ಕಟ್ಟಿ, ಅವರು ಯಾರೆಂದು ಮಕ್ಕಳಿಗೆ ಹೇಳಿ. ಇನ್ನೊಂದು ನನಗೆ ತುಂಬಾ ಇಷ್ಟ: ಕುಸ್ವಾರಿನ, ಅಂದರೆ ಕ್ರಿಸ್ಮಸ್ ತಿಂಡಿಗಳ, ರೋಸ್ ಕುಕ್ಕೀಸ್ (ಹೂವಿನಾಕಾರದ ಕರಿದ ತಿಂಡಿ). ಅಚ್ಚಿನಲ್ಲೇ ತೂತುಗಳಿರುವುದರಿಂದ ದಾರ ಸುಲಭವಾಗಿ ಹೋಗುತ್ತದೆ. ಸ್ಟ್ರಾಸ್‌ಬರ್ಗಿನವರ ಗುಲಾಬಿ, ಬಿಲ್ಲೆ ಎರಡೂ ಒಂದರಲ್ಲೇ ಬಂದಂತಾಯಿತು. ಆದರೆ 24ರ ಸಂಜೆಯೇ ಕಟ್ಟಿ. ನಮ್ಮ ಹವೆಗೆ ಬೇಗ ಮೆತ್ತಗಾಗುತ್ತವೆ, ಇರುವೆಗಳೂ ದಾರಿ ಹುಡುಕುತ್ತವೆ. ಚರ್ಚಿನಲ್ಲಿ ರಾತ್ರಿಯ ಬಲಿಪೂಜೆ ಮುಗಿಸಿ ಬಂದ ಮಕ್ಕಳು ಕಿತ್ತು ತಿನ್ನಲಿ. ಮರ ಅಲ್ಲಲ್ಲಿ ಖಾಲಿಯಾದರೆ ಆಗಲಿ, ಮರುದಿನ ಬರುವ ನೆರೆಮನೆಯವರಿಗೂ ಒಂದೊಂದು ಕಿತ್ತುಕೊಡಿ.

ದೀಪದ ಸರಗಳನ್ನು ಮಲಗುವ ಮುನ್ನ ಆರಿಸಿ, ಒಣಗಿದ ಗಾಳಿ ಮರಕ್ಕೆ ಬೆಂಕಿ ಬಹಳ ಬೇಗ ಹಿಡಿಯುತ್ತದೆ. ಮೇಣದ ಬತ್ತಿಯಂತೂ ಬೇಡವೇ ಬೇಡ. ಶಿಶು ಯೇಸುವನ್ನು ನೋಡಲು ಬಂದ ಜ್ಞಾನಿಗಳನ್ನು ನೆನೆಯುವ ಜನವರಿ 6ರ ಮೂವರು ರಾಯರ ಹಬ್ಬ ಕಳೆದ ಮೇಲೆ ಕಾರ್ಡುಗಳನ್ನೂ ಆ ಸೊಟ್ಟ ನಕ್ಷತ್ರವನ್ನೂ ಬಿಚ್ಚಿ ಮುಂದಿನ ವರ್ಷಕ್ಕೆ ತೆಗೆದಿಡಿ, ಕೊಂಬೆಯನ್ನು ಬಚ್ಚಲೊಲೆಗೆ ಹಾಕಿ.